ಒಬ್ಬರಿಗೊಂದು ಕಮಾನು

ತನ್ನ ಮಾತು ಕೇಳುವವರು ಒಬ್ಬರಾದರೂ ಇರಲಿ ಎಂಬ ಆಸೆ ಯಾರಿಗಿರುವುದಿಲ್ಲ? ನಮ್ಮ ಮನೆಯಲ್ಲಿ ನನ್ನ ಮಾತನ್ನು ಬೆಕ್ಕೂ ಕೇಳುವುದಿಲ್ಲ. ಆದರೆ ಗದಗಿನ ನನ್ನ ಆಫೀಸಿನ ಕಂಪ್ಯೂಟರಿನಲ್ಲಿ ಒಂದೇ ಒಂದು ಅಂಕಿ ತಿದ್ದಿದರೆ ಸಾಕು, ಕಟ್ಟಡದ ನಕ್ಷೆಯಲ್ಲಿ ಸಾಲಾಗಿ ನಿಂತ ಕಮಾನುಗಳೆಲ್ಲ ತಕರಾರಿಲ್ಲದೆ ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ. ಇದಕ್ಕೆ ಪ್ಯಾರಾಮೆಟ್ರಿಕ್ ಮಾಡೆಲಿಂಗ್ ಎನ್ನುತ್ತಾರೆ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಎಷ್ಟು ಸಂಕೋಚಪಟ್ಟರೂ ಇದಕ್ಕಿಂತ ಕಡಿಮೆ ಹೇಳಲಾರೆ.

ಲಕ್ಷ್ಮೇಶ್ವರದ ನಮ್ಮ ದೊಡ್ಡವ್ವನ ಮನೆಮುಂದಿನ ಹಳೇ ಕಟ್ಟೆ ಕುಸಿದುಬಿದ್ದಿತ್ತು. ಸಂಜೆ ಅಲ್ಲಿ ಕೂಡುತ್ತಿದ್ದ ಗೆಳತಿಯರೆಲ್ಲ ಎದುರುಮನೆಯ ಗಂಗವ್ವನ ಕಟ್ಟೆ ಸೇರಿದ್ದರು. ಗಂಗವ್ವನಿಗೂ ದೊಡ್ಡವ್ವನಿಗೂ ಯಾವುದೋ ಖಾರಪುಡಿಯ ವಿಷಯಕ್ಕೆ ಮಾತು ಬಿಟ್ಟಿತ್ತು. ದೊಡ್ಡವ್ವ ಫೋನು ಮಾಡಿ, "ಒಬ್ಬಾಕೀನ ಕುಂತು ಚಹಾ ಕುಡುದು ಸಾಕಾಗೇತಿ. ಅವರೆಲ್ಲಾ ಹೊಳ್ಳಿ ಬರೂವಂಥಾ ಕಟ್ಟಿ ಮಾಡಿಕೊಡೋ" ಎಂದಳು. ನಾನು ಅಂದೇ ಕಂಪ್ಯೂಟರ್ ತೆರೆದೆ.

ಒಬ್ಬರು ಆರಾಮಾಗಿ ಕೂಡುವ ಅಗಲವನ್ನೇ ಮೂಲ ಅಂಕಿ ಮಾಡಿಕೊಂಡೆ. ಅಳತೆಗೆ ನಾನೇ ಕುಳಿತೆ. ನಾನು ಸ್ವಲ್ಪ ವಿಶಾಲವಾಗಿಯೇ ಕೂಡುವವನು. ಒಬ್ಬರಿಗೊಂದು ಕಮಾನು, ನಡುವೆ ದಪ್ಪ ಕಲ್ಲಿನ ಕಂಬ, ಬೆನ್ನಿಗೆ ಒರಗು. ಕಟ್ಟಿ ಮುಗಿದಾಗ ದಾರಿಹೋಕರು ನಿಂತು ಫೋಟೋ ತೆಗೆದುಕೊಂಡರು.

ಗೆಳತಿಯರೂ ಬಂದರು. ಒಬ್ಬೊಬ್ಬರು ಒಂದೊಂದು ಕಮಾನಿನಲ್ಲಿ ಕುಳಿತರು. "ಯವ್ವಾ, ಗುಡ್ಯಾಗ ಮೂರ್ತಿ ಕುಂಡ್ರಿಸಿದಂಗಾತು!" ಎಂದಳು ನೀಲವ್ವ. ಕಂಬ ಅಡ್ಡವಾಗಿ ಪಕ್ಕದವಳ ಮುಖ ಕಾಣದು. ಕಿವಿಯಲ್ಲಿ ಉಸುರಬೇಕಾದ ಸುದ್ದಿಯನ್ನು ಕೂಗಿ ಹೇಳಬೇಕಾಯಿತು. ನೀಲವ್ವ ತನ್ನ ಸೊಸೆಯ ಅಡುಗೆಯ ಬಗ್ಗೆ ಕೂಗಿದ್ದನ್ನು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಸೊಸೆಯೇ ಕೇಳಿಸಿಕೊಂಡಳು. ಮರುದಿನ ಎಲ್ಲರೂ ಗಂಗವ್ವನ ಕಟ್ಟೆಗೆ ವಾಪಸ್.

"ಚಿಂತಿ ಮಾಡಬ್ಯಾಡ ದೊಡ್ಡವ್ವ, ಒಂದು ಅಂಕಿ ತಿದ್ದಿದರ ಆತು" ಎಂದೆ.

"ಅದನ್ನ ಕಲ್ಲಿಗೆ ಹೇಳು" ಎಂದ ದೊಡ್ಡವ್ವ, ಖಾಲಿ ಕಮಾನುಗಳನ್ನೊಮ್ಮೆ ನೋಡಿ, ಸೆರಗು ಸಿಗಿಸಿ, ಚಹಾದ ಕಿಟ್ಲಿ ಹಿಡಿದು ಸೀದಾ ರಸ್ತೆ ದಾಟಿದಳು. ನಾನು ಹಿಂದೆ ಹೋದೆ. ಗಂಗವ್ವ ಅವಳನ್ನು ನೋಡಿದಳು, ಕಿಟ್ಲಿಯನ್ನು ನೋಡಿದಳು. "ಸರೀರಿ ಅತ್ತಾಗ, ಅಕ್ಕ ಬಂದಾಳ" ಎಂದಳು. ತುಂಬಿದ ಕಟ್ಟೆಯಲ್ಲಿ ಎಲ್ಲರೂ ಮೈ ಹಿಡಿ ಮಾಡಿಕೊಂಡರು. ಆದ ಜಾಗ ನನ್ನ ಅಂಕಿಯ ಅರ್ಧವೂ ಇರಲಿಲ್ಲ. ದೊಡ್ಡವ್ವ ಅದರಲ್ಲಿ ಸಲೀಸಾಗಿ ಕುಳಿತಳು.

ಚಹಾ ಹೀರುತ್ತ ಗಂಗವ್ವ, "ಇಲ್ಲಿಂದ ನೋಡಿದರ ನಿನ್ನ ಕಮಾನು ಭಾಳ ಚಂದ ಕಾಣತಾವ" ಎಂದಳು. "ಮತ್ತ? ನಮ್ಮ ಹುಡುಗ ಮಾಡಿದ್ದು!" ಎಂದಳು ದೊಡ್ಡವ್ವ. ನನ್ನ ಎದೆ ಉಬ್ಬಿತು.

"ನಿಮ್ಮ ಕಟ್ಟಿಗೂ ಹಂಗ ಮಾಡಿಕೊಡಲೇನ್ರಿ?" ಎಂದು ಕೇಳಿದೆ.

ಗಂಗವ್ವ ಲೋಟ ಕೆಳಗಿಟ್ಟು ಎರಡೂ ಕೈಯಿಂದ ತನ್ನ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.