ಶಾವಿಗೆ ಯಂತ್ರಕ್ಕೆ ಪ್ಲಾಸ್ಟಿಕ್ ಹಲ್ಲು

ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆದರೆ ಬಸವಕಲ್ಯಾಣದಲ್ಲಿ ನಾನು ಬಿಚ್ಚದ ಮೋಟಾರು ಇನ್ನೂ ಹುಟ್ಟಿಲ್ಲ! ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿದ್ದೇನೆಯೇ ಎಂದು ಮಾತ್ರ ಕೇಳಬೇಡಿ, ಅದು ಬೇರೆ ವಿಷಯ. ಈ ಬೇಸಿಗೆಗೆ ನಾನು ಮಾಡಿದ ಆಣೆ ಇಷ್ಟೇ: ನಮ್ಮ ಮನೆಯಲ್ಲಿ ಇನ್ನು ಯಾರೂ ಶಾವಿಗೆ ಯಂತ್ರವನ್ನು ಕೈಯಿಂದ ತಿರುವಬಾರದು!

ಕಾರಣವೂ ದೊಡ್ಡದೇ ಇತ್ತು. ಹುಮನಾಬಾದಿಗೆ ಕೊಟ್ಟ ಮಗಳು ರೂಪಾಲಿಗೆ ಏಳು ತಿಂಗಳು. ನಾಡಿದ್ದು ಕುಬಸ, ನಮ್ಮ ಕಡೆಯ ಸೀಮಂತ. ತವರಿನಿಂದ ಬುಟ್ಟಿ ತುಂಬ ಶಾವಿಗೆ ಹೋಗಬೇಕು. ಬೀಗತಿ ಮೀರಾಬಾಯಿ ಅಂಥಿಂಥ ಹೆಂಗಸಲ್ಲ, ಶಾವಿಗೆಯ ಎಳೆ ಹಿಡಿದು ತವರಿನ ಮರ್ಯಾದೆ ಅಳೆಯುವವಳು. ರಾಜೇಶ್ವರದ ಹೊಲದ ಕೆಂಪು ಗೋಧಿ ಉಳಿದಷ್ಟನ್ನೂ ಬೀಸಿಸಿ ನನ್ನ ಹೆಂಡತಿ ಪಾರ್ವತಿಬಾಯಿ ಹಿಟ್ಟು ನಾದಿಟ್ಟಿದ್ದಳು. ಬಿಸಿಲಿರುವಾಗಲೇ ಒತ್ತಿ ಒಣಹಾಕಬೇಕು. ಹೊತ್ತು ಮೀರಿದರೆ ಹಿಟ್ಟು ಹುಳಿ, ನಮ್ಮ ಮಾನ ಅದಕ್ಕಿಂತ ಹುಳಿ!

ನಾನು ಹಳೆಯ ವಾಷಿಂಗ್ ಮಶೀನಿನ ಮೋಟಾರು ಕಿತ್ತು ತಂದೆ. ಮಲ್ಲಿಗೆಯಷ್ಟು ಬೆಳ್ಳಗಿನ ಪ್ಲಾಸ್ಟಿಕ್ ಗಿಯರು ಕೂಡಿಸಿದೆ. ಅದಕ್ಕೆ ಜಾಗ ಆಗಲೆಂದು ಶಾವಿಗೆ ಯಂತ್ರದ ಕಬ್ಬಿಣದ ಹಿಡಿಕೆಯನ್ನು ಗರಗಸದಿಂದ ಕೊಯ್ದು ಒಗೆದೆ. ಹೆಂಗಸರ ಸೆರಗು ಸಿಕ್ಕೀತೆಂದು ಗಿಯರಿನ ಮೇಲೊಂದು ಎಣ್ಣೆ ಡಬ್ಬಿ ಕವುಚಿ ಭದ್ರ ಮಾಡಿದೆ. ಏನು ದೂರದೃಷ್ಟಿ!

"ಕಬ್ಬಿಣ ಬಿಟ್ಟು ಪ್ಲಾಸ್ಟಿಕ್ ಯಾಕ್ರಿ?" ಎಂದಳು ಪಾರ್ವತಿ.

"ಸಪ್ಪಳ ಇಲ್ಲ, ತುಕ್ಕು ಇಲ್ಲ! ಮೋಟಾರಿನ ನೂರು ಪಾಲು ತಾಕತ್ತಿನ್ಯಾಗ ತೊಂಬತ್ತು ಪಾಲು ಸೀದಾ ಶಾವಿಗಿಗೆ!"

"ಉಳದ ಹತ್ತು ಎಲ್ಲಿ ಹೋಗತಾವ?"

"ಶಾಖ ಆಗಿ ಗಾಳ್ಯಾಗ ಹೋಗತಾವ. ನಿನಗ್ಯಾಕ ಆ ಉಸಾಬರಿ?"

ಅವಳು ಎದ್ದು ಫ್ಯಾನು ಬಂದ್ ಮಾಡಿ, ಕಿಡಕಿ ಹಾಕಿದಳು. ಗಾಳಿ ಬಡಿದರೆ ಹಸಿ ಎಳೆ ಮುರಿಯುತ್ತದಲ್ಲ! ನಾನು ಗುಂಡಿ ಒತ್ತಿದೆ. ಆಹಾ, ಶಾವಿಗೆ ಜಡೆ ಬಿಚ್ಚಿದಂತೆ ಇಳಿಯಿತು! ಬಾಜೂ ಮನೆಯ ತಬಸ್ಸುಮ ಎಳೆಗಳನ್ನು ಕೋಲಿನ ಮೇಲೆ ಹಿಡಿದು ಮಾಳಿಗೆಗೆ ಒಯ್ಯತೊಡಗಿದಳು.

"ಕಮಾಲ್ ಮಾಡೀರಿ ಚಾಚಾ!"

ನಾನು ಮೀಸೆ ತಿರುವಿದೆ. ಅರ್ಧ ತಾಸಾಯಿತು, ಮುಕ್ಕಾಲು ತಾಸಾಯಿತು.

"ಸ್ವಲ್ಪ ದಮ್ ತಗೊಳ್ಳಲಿ ಬಿಡ್ರಿ," ಎಂದಳು ಪಾರ್ವತಿ.

"ಅದೇನು ಎತ್ತೇನು? ಮೋಟಾರು ಮುಟ್ಟಿ ನೋಡು, ಹ್ಯಾಂಗ ತಣ್ಣಗದ!"

ಮೋಟಾರು ಮುಟ್ಟಿದೆ, ಗಿಯರು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ತಬಸ್ಸುಮ ಮೂಗು ಅರಳಿಸಿದಳು.

"ಏನೋ ಸುಡಾಕತ್ತದ."

"ಬಾಜೂ ಮನೀದಿರಬೇಕು," ಎಂದೆ.

"ಬಾಜೂ ಮನಿ ನಂದೇ ಅಲ್ಲೇನು ಚಾಚಾ? ನಾ ಇನ್ನಾ ಒಲಿನೇ ಹಚ್ಚಿಲ್ಲ!"

ಅಷ್ಟರಲ್ಲಿ ಮೋಟಾರು ಗೊಂಯ್ ಎಂದು ಓಡಿತು, ಶಾವಿಗೆ ಅರ್ಧಕ್ಕೆ ನಿಂತು ನೇತಾಡಿತು. ಡಬ್ಬಿ ಎತ್ತಿದೆ. ಗಿಯರಿನ ಹಲ್ಲೆಲ್ಲ ಬಿಸಿಲಿಗಿಟ್ಟ ಬೆಲ್ಲದಂತೆ ಜಾರಿ ಒಂದಾಗಿದ್ದವು! ಮುಟ್ಟಿದೆ, ಬೆರಳು ಚುರ್ ಎಂದಿತು. ಕಬ್ಬಿಣವಾದರೆ ಶಾಖವನ್ನು ಊರೆಲ್ಲ ಹಂಚಿಬಿಡುತ್ತದೆ. ಪ್ಲಾಸ್ಟಿಕ್ಕು ಜಿಪುಣ, ಬಂದದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮೇಲೆ ಡಬ್ಬಿ, ಫ್ಯಾನು ಬಂದ್, ಕಿಡಕಿ ಬಂದ್. ಆ ಹತ್ತು ಪಾಲು ಪಾಪ ಎಲ್ಲಿಗೆ ಹೋಗಬೇಕು?

ಮಧ್ಯಾಹ್ನ ಎರಡು ಗಂಟೆ. ಅರ್ಧ ಹಿಟ್ಟು ಹಾಗೇ ಕೂತಿತ್ತು. ಮಾಳಿಗೆಯ ಮೇಲಿನ ಬಿಸಿಲು ಆಗಲೇ ಪಡುವಣಕ್ಕೆ ವಾಲುತ್ತಿತ್ತು.

"ಹಿಡಕಿ ಹಾಕ್ರಿ, ಕೈಲೇ ತಿರುವೋಣು," ಎಂದಳು ಪಾರ್ವತಿ.

"ಕೊಯ್ದೀನಿ," ಎಂದೆ ಸಣ್ಣಗೆ.

ಅವಳು ನೋಡಿದ ನೋಟಕ್ಕೆ ಕಬ್ಬಿಣದ ಗಿಯರೂ ಕರಗುತ್ತಿತ್ತು! "ಮಗಳ ಮುಂದ ಅರ್ಧ ಬುಟ್ಟಿ ಹಿಡಕೊಂಡು ನಿಂದ್ರಲೇನು? ಅಕಿ ಅತ್ತಿ ಜನ್ಮೆಲ್ಲಾ ಆಡಿ ತೋರಸತಾಳ," ಎಂದಾಗ ಅವಳ ಧ್ವನಿ ಒಡೆಯಿತು.

ತಬಸ್ಸುಮ ಓಡಿಹೋಗಿ ತನ್ನ ಅತ್ತೆಯ ಕಾಲದ ಯಂತ್ರ ಹೊತ್ತು ತಂದಳು. "ಜಂಗ್ ಹಿಡದದ ಚಾಚಾ, ಭಾಳ ಬಿಗಿ. ಗಂಡಸರ ರಟ್ಟಿನೇ ಬೇಕು."

ಇಬ್ಬರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಗಂಡಸೆಂದರೆ ನಾನೊಬ್ಬನೇ. ಕೂತೆ. ತಿರುವಿದೆ. ಬೆವರು ಮೂಗಿನಿಂದ ತೊಟ್ಟಿಕ್ಕಿದರೆ ಪಾರ್ವತಿ ಸೆರಗಿನಿಂದ ಒರೆಸಿದಳು. ಪ್ರೀತಿಯೆಂದು ತಿಳಿಯಬೇಡಿ, ಹಿಟ್ಟಿನೊಳಗೆ ಬಿದ್ದೀತೆಂಬ ಅಂಜಿಕೆ! ಕೊನೆಯ ಎಳೆ ಕೋಲೇರಿದಾಗ ಮಾಳಿಗೆಯ ಮೇಲೆ ಚಾಪೆಯಗಲ ಬಿಸಿಲು ಮಾತ್ರ ಉಳಿದಿತ್ತು.

ಮರುದಿನವೆಲ್ಲ ಒಣಗಿಸಿ, ಕುಬಸದ ದಿನ ಹುಮನಾಬಾದಿಗೆ ಒಯ್ದೆವು. ಮೀರಾಬಾಯಿ ಬುಟ್ಟಿಯಿಂದ ಒಂದು ಎಳೆ ತೆಗೆದು ಬೆಳಕಿಗೆ ಹಿಡಿದಳು. ತಿರುಗಿಸಿದಳು.

"ಪಾರ್ವತಕ್ಕಾ, ರೇಷ್ಮಿ ಆಗ್ಯಾದಲ್ಲವಾ! ಯಾವ ಯಂತ್ರ ಇದು? ನಮಗೂ ನಾಕು ದಿನ ಕೊಡ್ರಿ."

ನಾನು ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಪಾರ್ವತಿ ಅಂದಳು:

"ಇಟ್ಟುಕೊಳ್ರಿ ಅಕ್ಕಾ, ನಿಮ್ಮೆದುರಿಗೇ ಕೂತದ. ಬಿಸಿ ಆದ್ರ ಅಂಜಬ್ಯಾಡ್ರಿ, ಒಂದು ಕಪ್ ಚಹಾ ಹಾಕ್ರಿ, ತಣ್ಣಗಾಗತದ!"