ಪಶುಪತಿನಾಥ ಕೇಳದ ಪಾಸ್‌ಪೋರ್ಟ್

ಬಹಳ ವರ್ಷ ಮಾಸ್ತರಿಕೆ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳುವ ರೋಗ. ‘ಭೂಮಿಯ ಆಕಾರ ಹೇಗಿದೆ?’ ಎಂದು ನಾನು ವರ್ಗದಲ್ಲಿ ಗುಡುಗುತ್ತಿದ್ದಾಗ ಅದನ್ನು ತಿಳಿದುಕೊಳ್ಳುವ ಆತುರವೇನೂ ನನಗೆ ಇರುತ್ತಿರಲಿಲ್ಲ. ಹೀಗೆ ಇಳಕಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ಕಲಿಸುತ್ತ, ನಿಜವಾಗಿಯೂ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಮುಂದೆ ನಿಂತು ಹೇಗೆ ಕೇಳಬೇಕೆಂಬುದೇ ನನಗೆ ಮರೆತುಹೋಯಿತು. ಒಮ್ಮೆ ಬಾಗಲಕೋಟೆಯ ನವನಗರದಲ್ಲಿ ಬೀಗರ ಮನೆ ಹುಡುಕಲು ಹೋಗಿದ್ದೆವು. ಅಲ್ಲಿ ಎಲ್ಲ ಸೆಕ್ಟರುಗಳೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಿಸಿಲಲ್ಲಿ ಸುತ್ತಿ ಸುತ್ತಿ ಮತ್ತೆ ಅದೇ ಬೇವಿನ ಗಿಡದ ಕೆಳಗೆ ಬಂದು ನಿಲ್ಲುತ್ತಿದ್ದೆ, ಆದರೆ ಯಾರನ್ನೂ ಕೇಳಲಿಲ್ಲ. ಕೊನೆಗೆ ನನ್ನ ಹೆಂಡತಿ ಕಾಯಿಪಲ್ಲೆ ಮಾರುವವಳನ್ನು ಕೇಳಿದಳು. ಬೀಗರ ಮನೆ ಆ ಗಿಡದ ಎದುರಿಗೇ ಇತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಪಾಸ್‌ಪೋರ್ಟಿನ ಕಥೆಯನ್ನು ನೀವು ಅರ್ಧ ಊಹಿಸಿರಬಹುದು. ಆದರೂ ಹೇಳುತ್ತೇನೆ. ಹೇಳುವುದು ನನಗೆ ಯಾವಾಗಲೂ ಸುಲಭ.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಆಸೆ ಹೇಳಿಕೊಂಡಿದ್ದಳು. ನೇಪಾಳಕ್ಕೆ ಹೋಗಿ ಪಶುಪತಿನಾಥನನ್ನು ನೋಡಬೇಕು. ಅವಳ ಅಜ್ಜಿಗೆ ಅದೇ ಆಸೆ ಇತ್ತಂತೆ, ಈಡೇರಲಿಲ್ಲವಂತೆ. ನಾನು ‘ರಿಟೈರ್ ಆದ ಮ್ಯಾಲ ಹೋಗೂಣು’ ಎಂದೆ. ಆಗ ರಿಟೈರ್‌ಮೆಂಟ್ ಎಂಬುದು ನೇಪಾಳಕ್ಕಿಂತ ದೂರವಿತ್ತು, ಮಾತು ಕೊಡುವುದಕ್ಕೆ ಅಡ್ಡಿಯೇನೂ ಕಾಣಲಿಲ್ಲ. ಅಲ್ಲಿಯವರೆಗೆ ಅವಳನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋದೆ, ಬಾದಾಮಿಯ ಬನಶಂಕರಿಗೆ, ಶ್ರಾವಣದ ಶನಿವಾರ ತುಳಸಿಗೇರಿಗೆ. ಒಟ್ಟಿನಲ್ಲಿ ವಸ್ತಿ ಮಾಡದೆ ಬಸ್ಸಿನಲ್ಲಿ ಹೋಗಿ ಬರಬಹುದಾದ ದೇವರುಗಳನ್ನೆಲ್ಲ ತೋರಿಸಿದೆ. ರಿಟೈರಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ಅವಳು ಆ ಹಾರವನ್ನು ಗೂಟಕ್ಕೆ ತೂಗುಹಾಕುತ್ತ, “ಈಗರೆ ಖರೆ ಕರಕೊಂಡು ಹೋಗ್ತೀರೇನು?” ಎಂದಳು. ಹುನಗುಂದದ ಸಂಗಣ್ಣ ವರ್ಷಕ್ಕೊಮ್ಮೆ ಯಾತ್ರೆಗೆ ಜನರನ್ನು ಕರೆದುಕೊಂಡು ಹೋಗುತ್ತಾನೆ. ಆ ಸಲ ಕಾಶಿ ಮುಗಿಸಿ ಪಶುಪತಿಗೆ ಹೊರಟಿದ್ದ. ಕಲಾದಗಿಯಲ್ಲಿರುವ ಅವಳ ಅಕ್ಕ ಆಗಲೇ ಹೆಸರು ಬರೆಸಿದ್ದಳು.

“ಮಾಸ್ತರ, ನಿಮ್ಮಿಬ್ಬರ ಹೆಸರೂ ಬರಕೊಳ್ಳಲೇನ್ರಿ?” ಎಂದು ಸಂಗಣ್ಣ ಫೋನಿನಲ್ಲಿ ಕೇಳಿದ.

“ತಡೀರಿ, ಕಾಗದಪತ್ರ ಆಗಲಿ.”

“ಏನ ಕಾಗದಪತ್ರರಿ?”

“ಅದೆಲ್ಲಾ ನಾ ನೋಡ್ಕೋತೀನಿ, ನೀವು ತಲಿ ಕೆಡಿಸ್ಕೋಬ್ಯಾಡ್ರಿ” ಎಂದೆ. ಆ ಒಂದು ಮಾತಿಗೆ ಬದಲು ಅವನನ್ನೇ ಮರುಪ್ರಶ್ನೆ ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿದು ನಾವಿಬ್ಬರೂ ರೈಲಿನಲ್ಲಿರುತ್ತಿದ್ದೆವು.

ಅಂದು ಊಟವಾದ ಮೇಲೆ ಹೆಂಡತಿಯನ್ನು ಕೂಡಿಸಿಕೊಂಡು ಪಾಠ ಮಾಡಿದೆ. “ಪಾಸ್‌ಪೋರ್ಟ್ ಅಂದರ ಏನು? ‘ಈ ಮನಷ್ಯಾ ನಮ್ಮ ಮನಿಯವನ, ಖಾತ್ರಿ ಇರಲಿ’ ಅಂತ ನಮ್ಮ ಸರಕಾರ ಕೊಡೋ ಚೀಟಿ. ವೀಸಾ ಅಂದರ? ‘ಬರಲಿ, ಆದರ ಉಂಡು ಹೋಗಲಿ, ಠಿಕಾಣಿ ಹೂಡಬಾರದು’ ಅಂತ ಆ ಮನಿಯವರು ಹೇಳೋದು. ಮೊದಲನೇದು ಇಲ್ಲದ ಎರಡನೇದು ಸಿಗಾಂಗಿಲ್ಲ.” ವ್ಯಾಖ್ಯೆ ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು. ಪ್ರವಾಸಕ್ಕೊಂದು ವೀಸಾ, ಓದಿಗೊಂದು, ಕೆಲಸಕ್ಕೊಂದು ಎಂದು ಇನ್ನೂ ಮುಂದುವರಿಯುವವನಿದ್ದೆ. ಅವಳು ಅಡಕೆ ಕತ್ತರಿಸುತ್ತ ಕೇಳಿದಳು: “ನೇಪಾಳದವ್ರು ಇದನ್ನೆಲ್ಲಾ ಕೇಳ್ತಾರೇನ್ರಿ?”

“ಪರದೇಶ ಅಂದ ಮ್ಯಾಲ ಕೇಳದ ಬಿಡ್ತಾರೇನು?”

“ಒಮ್ಮೆ ಸಂಗಣ್ಣನ್ನ ಕೇಳಿ ನೋಡ್ರಲ್ಲ.”

“ಭೂಗೋಳ ಕಲಿಸಿದಾಂವ ನಾನೋ, ಸಂಗಣ್ಣನೋ?”

ಅವಳು ಅಡಕೆಯ ಚೂರೊಂದನ್ನು ನನ್ನ ಕೈಗಿಟ್ಟಳು. ನಮ್ಮ ಮನೆಯಲ್ಲಿ ಮಾತು ಮುಗಿಯಿತೆನ್ನುವುದಕ್ಕೆ ಅದೇ ಗುರುತು.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ನಾನೇ ತುಂಬಿದೆ. ಊರು, ಓಣಿ, ತಂದೆ, ತಾಯಿ, ಮೈಮೇಲಿನ ಗುರುತು ಎಲ್ಲ ಸರಿಯಾಗಿ ಬರೆದು, ಶುಲ್ಕ ಕಟ್ಟಿ, ಇಬ್ಬರಿಗೂ ಒಂದೇ ದಿನ ಹಾಜರಾಗುವಂತೆ ಸಮಯ ಗೊತ್ತುಮಾಡಿಕೊಂಡೆ. ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪು ಶುರುವಾದದ್ದು ಫೈಲಿನಿಂದ. ಸರಕಾರಿ ಕೆಲಸಕ್ಕೆ ಹೋಗುವಾಗ ಒಂದು ಕಾಗದ ಕಡಿಮೆ ಬಿದ್ದು ತಿರುಗಿ ಬಂದವರನ್ನು ನಾನು ಬಹಳ ನೋಡಿದ್ದೇನೆ. ಕಾಗದ ಹೆಚ್ಚಾಗಿ ತಿರುಗಿ ಬಂದವರನ್ನು ನೋಡಿರಲಿಲ್ಲ. ಹಾಗಾಗಿ ಆಧಾರ್, ರೇಶನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಲೈಟ್ ಬಿಲ್ಲು, ಹೆಂಡತಿಯ ಏಳನೆಯ ಇಯತ್ತೆಯ ಶಾಲೆ ಬಿಟ್ಟ ದಾಖಲೆ, ಅಷ್ಟೇಕೆ, ನಮ್ಮ ಲಗ್ನಪತ್ರಿಕೆಯನ್ನೂ ಸೇರಿಸಿ ಫೈಲು ಕಟ್ಟಿದೆ. ಹೆಂಡತಿ ಅದನ್ನು ಎತ್ತಿ ನೋಡಿ, “ಇದನ್ನ ಹೊತಗೊಂಡು ಹೋಗಾಕ ಒಂದು ಹಮಾಲನ್ನ ಮಾಡ್ರಿ” ಎಂದಳು.

ಬಾಗಲಕೋಟೆಯ ಕೇಂದ್ರದಲ್ಲಿ ನನ್ನ ಕೆಲಸ ಎಲೆ ಅಡಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು. ಆಮೇಲೆ ಅವಳ ಸರದಿ. ಕೌಂಟರಿನಲ್ಲಿದ್ದ ಅಧಿಕಾರಿ ಒಳ್ಳೆಯ ತರುಣಿ. ಕಾಗದ ನೋಡುತ್ತ, “ಯಜಮಾನರ ಹೆಸರು ಏನ್ರಿ ಅಮ್ಮಾ?” ಎಂದಳು. ನನ್ನ ಹೆಂಡತಿ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ನಮ್ಮ ಕಡೆಯ ಅವಳ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಹೆಸರನ್ನು ಹಾಗೆ ಬರಿದಾಗಿ ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಎಲ್ಲರೂ ಸೇರಿ ಒತ್ತಾಯ ಮಾಡಿದರೆ ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತಾರೆ, ಅಷ್ಟೇ.

“ಅದರಾಗ ಬರದೈತಲ್ಲವಾ” ಎಂದಳು.

“ಬರದೈತ್ರಿ. ನಿಮ್ಮ ಬಾಯಿಲೆ ಹೇಳಬೇಕು, ತಾಳೆ ನೋಡಬೇಕಾಗ್ತದ.”

ನಾನು ಪಕ್ಕದಿಂದ, “ಹೇಳು, ಇದು ಸರಕಾರಿ ಕೆಲಸ” ಎಂದು ಪಿಸುಗುಟ್ಟಿದೆ. ಅವಳು ಗಂಟಲು ಸರಿಮಾಡಿಕೊಂಡು, ಇಡೀ ಸಾಲು ಕೇಳುವಂತೆ ಹೇಳಿಬಿಟ್ಟಳು:

“ಇಳಕಲ್ ಸೀರಿಗಿ ಚೆಂದ ತೋಪತೆನಿ ಸೆರಗ,
ಈರಪ್ಪ ಮಾಸ್ತರ ಕೂಡ ಹೊಂಟೀನಿ ದೇಶದ ಹೊರಗ.”

ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಅಧಿಕಾರಿಣಿಯೂ ನಕ್ಕು, ತಾಳೆಯಾಯಿತೆಂದು ಗುರುತು ಹಾಕಿದಳು. ನನ್ನ ಹೆಸರನ್ನು ಅಷ್ಟು ಜನರ ಮುಂದೆ ಅವಳು ಹೇಳಿ ಎಷ್ಟೋ ವರ್ಷವಾಗಿತ್ತು. ಖುಷಿಯಿಂದ ಉಬ್ಬಿಹೋದೆ. ಆ ಖುಷಿಯಲ್ಲೇ, ಯಾರೂ ಕೇಳದಿದ್ದರೂ, “ಇದನ್ನೂ ಇಟ್ಕೊಳ್ರಿ, ಭದ್ರ ಆಗ್ತದ” ಎಂದು ಶಾಲೆಯ ದಾಖಲೆಯನ್ನು ಮುಂದೆ ತಳ್ಳಿದೆ.

ಅಧಿಕಾರಿಣಿ ಓದಿದಳು. ಮತ್ತೆ ಓದಿದಳು. “ಇದರಾಗ ಮಹಾದೇವಿ ಅಂತ ಐತಿ. ಆಧಾರದಾಗ ಕವಿತಾ. ಮಹಾದೇವಿ ಯಾರ್ರಿ?”

ಮಹಾದೇವಿ ಯಾರೆಂದರೆ ನನ್ನ ಹೆಂಡತಿಯೇ. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ನಮ್ಮ ಮನೆತನದಲ್ಲಿತ್ತು. ಹೊಸ ಹೆಸರು ಹುಡುಕುವ ಕೆಲಸವನ್ನು ಹಿರಿಯರು ಓದಿದವನೆಂದು ನನಗೇ ಬಿಟ್ಟಿದ್ದರು. ಆಗ ನಾನು ಪದ್ಯ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದೆ, ಪತ್ರಿಕೆಗಳು ಅವನ್ನು ನನಗೇ ಕಳಿಸುತ್ತಿದ್ದವು. ಬಹಳ ಯೋಚಿಸಿ ‘ಕವಿತಾ’ ಎಂದು ಇಟ್ಟೆ. ಆ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ. ತವರಿನವರಿಗೆ ಅವಳು ಮಾದೇವಿ, ಓಣಿಯವರಿಗೆ ಮಾಸ್ತರ ಮನೆಯವರು, ನನಗೆ ‘ಏ, ಇಲ್ಲಿ ನೋಡು’. ಕವಿತಾ ಎಂಬ ಹೆಣ್ಣುಮಗಳು ಬದುಕಿದ್ದದ್ದು ಸರಕಾರದ ಕಾರ್ಡುಗಳಲ್ಲಿ ಮಾತ್ರ. ಅಧಿಕಾರಿಣಿ ಸಮಾಧಾನದಿಂದಲೇ ತಿಳಿಸಿದಳು: ಈ ದಾಖಲೆ ಕಣ್ಣಿಗೆ ಬಿದ್ದ ಮೇಲೆ ಬಿಡುವಂತಿಲ್ಲ. ಎರಡೂ ಹೆಸರು ಒಬ್ಬಳದೇ ಎಂದು ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಮತ್ತೆ ಬರಬೇಕು. ಬಸ್ಸು ಹತ್ತಿ ಕುಳಿತ ಮೇಲೆ ಹೆಂಡತಿ, “ಅವರು ಕೇಳಿದ್ದರೇನ್ರಿ?” ಎಂದಳು. ಇಳಕಲ್ ಬರುವವರೆಗೆ ನಾನು ಕಿಟಕಿಯಿಂದ ಹೊರಗಿನ ಭೂಗೋಳ ನೋಡುತ್ತ ಕುಳಿತೆ.

ನನ್ನ ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ ನನ್ನ ಹಳೆಯ ವಿದ್ಯಾರ್ಥಿ. “ಸರ, ನಿಮ್ಮ ಮ್ಯಾಲ ಏನರೆ ಕೇಸ್ ಅದಾವೇನ್ರಿ?” ಎಂದು ನಾಚಿಕೊಂಡು ಕೇಳಿದ. “ನೀ ಭೂಗೋಳದಾಗ ಪಾಸಾದದ್ದೊಂದ ಐತಿ ನೋಡಪಾ, ಅದರ ಪತ್ತೆ ಇನ್ನೂ ಹತ್ತಿಲ್ಲ” ಎಂದೆ. ಚಹಾ ಕುಡಿದು, ನಾನು ಸಜ್ಜನನೆಂದು ನೆರೆಯವರಿಂದ ಸಹಿ ಮಾಡಿಸಿಕೊಂಡು ಹೋದ. ಕೆಲವೇ ದಿನಗಳಲ್ಲಿ ಅಂಚೆಯವನು ನನ್ನ ಪಾಸ್‌ಪೋರ್ಟ್ ತಂದುಕೊಟ್ಟ. ಫೋಟೋದಲ್ಲಿ ನಗಬಾರದೆಂದು ಸ್ಟುಡಿಯೋದವನು ಹೇಳಿದ್ದರಿಂದ ಪರೀಕ್ಷೆಯಲ್ಲಿ ಚೀಟಿ ಹಿಡಿದವನಂತೆ ಕಾಣುತ್ತಿದ್ದೆ. ಆದರೂ ಮನೆಗೆ ಹೊಸದೇನು ಬಂದರೂ ಮಾಡುವಂತೆ ಅದನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆಸಿದೆ. ಓಣಿಯಲ್ಲಿ ಒಂದು ಸುತ್ತು ಹಾಕಿ ಎಲ್ಲರಿಗೂ ತೋರಿಸಿ, ಕೇಳಿದವರಿಗೂ ಕೇಳದವರಿಗೂ ಪಾಸ್‌ಪೋರ್ಟಿಗೂ ವೀಸಾಕ್ಕೂ ಇರುವ ವ್ಯತ್ಯಾಸ ತಿಳಿಸಿದೆ.

ಮರುದಿನ ಅದನ್ನು ಅಂಗಿಯ ಕಿಸೆಯಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಹುನಗುಂದಕ್ಕೆ ಹೋದೆ. “ಸಂಗಣ್ಣ, ನನ್ನದು ಬಂತು. ಮನಿಯಾಕಿದು ಇಷ್ಟರಾಗ ಬರ್ತದ. ಹೆಸರು ಬರಕೋರಿ. ವೀಸಾ ಎಲ್ಲಿ ಮಾಡಸ್ತೀರಿ?” ಎಂದೆ.

ಸಂಗಣ್ಣ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಚಲೋ ಐತ್ರಿ. ಆದರ ಇದು ಯಾಕ ಬೇಕಾಗಿತ್ತು? ನಮ್ಮ ದೇಶದವರಿಗೆ ನೇಪಾಳಕ್ಕ ವೀಸಾನೂ ಬ್ಯಾಡ, ಪಾಸ್‌ಪೋರ್ಟೂ ಬ್ಯಾಡ. ವೋಟರ್ ಕಾರ್ಡ್ ಇದ್ದರ ಆತು.”

“ಇದನ್ನ ಮೊದಲ ಹೇಳಬಾರದೇನೋ ಮಾರಾಯಾ?”

“ನೀವು ಕೇಳಲೇ ಇಲ್ಲಲ್ರಿ ಸರ” ಎಂದು ಅವನು ಬಹಳ ವಿನಯದಿಂದ ಹೇಳಿದ. ಆಮೇಲೆ ಇನ್ನಷ್ಟು ವಿನಯದಿಂದ, ಸೀಟುಗಳೆಲ್ಲ ತುಂಬಿವೆಯೆಂದೂ, ಯಾರೋ ಒಬ್ಬರು ಕಾಲುನೋವೆಂದು ಬಿಟ್ಟದ್ದರಿಂದ ಒಂದೇ ಒಂದು ಉಳಿದಿದೆಯೆಂದೂ ತಿಳಿಸಿದ.

ಮನೆಗೆ ಬಂದು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯ ಜೋಡಿಸಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆಂದು ಕಾದೆ. ಅವಳು, “ಹಂಗಾರ ನೀವು ಹೋಗಿ ಬರ್ರಿ. ಪಾಸ್‌ಪೋರ್ಟ್ ಮಾಡಸೀರಿ, ದಂಡ ಆಗಬಾರದು” ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ನಿಜವಾಗಿ ನಾಚಿಕೆಯಾಯಿತು. ಆ ಸಂಜೆಯೇ ಸಂಗಣ್ಣನಿಗೆ ಫೋನು ಮಾಡಿ ಅವಳ ಹೆಸರು ಬರೆಸಿದೆ. ಜೊತೆಗೆ, ಅವಳಿಗೆ ಕೆಳಗಿನ ಬರ್ತು ಸಿಗುತ್ತದೆಯೇ, ಅಲ್ಲಿ ಚಳಿ ಎಷ್ಟಿರುತ್ತದೆ, ಊಟ ಏನು ಕೊಡುತ್ತೀರಿ ಎಂದು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಸಂಗಣ್ಣನಿಗೆ ನನ್ನ ಆರೋಗ್ಯದ ಬಗ್ಗೆ ಸಂಶಯ ಬಂದಿರಬೇಕು.

ಹೀಗೆ ಪಾಸ್‌ಪೋರ್ಟ್ ಇಲ್ಲದವಳು ಪರದೇಶಕ್ಕೆ ಹೋದಳು, ಇದ್ದವನು ಇಳಕಲ್ಲಿನಲ್ಲಿ ಉಳಿದೆ. ಹೊತ್ತು ಹೊತ್ತಿಗೆ ಖಾನಾವಳಿಯ ರೊಟ್ಟಿ ತಿಂದೆ, ತುಳಸಿಗೆ ನೀರು ಹಾಕಿದೆ. ದಾರಿಯಲ್ಲಿ ಸಿಕ್ಕವರು, “ಏನ್ ಮಾಸ್ತರ, ಹೋಗಲಿಲ್ಲೇನ್ರಿ?” ಎಂದರೆ ವೀಸಾದ ಬಗ್ಗೆ ಏನೋ ಗೊಣಗಿ ಮುಂದೆ ಸಾಗುತ್ತಿದ್ದೆ. ಮನೆ ಬಹಳ ಭಣಭಣ ಎನ್ನುತ್ತಿತ್ತು. ಅವಳು ಗೋರಖಪುರದಿಂದ ಫೋನು ಮಾಡಿದಳು. ಸಂಗಣ್ಣ ಬಸ್ಸಿನಲ್ಲಿ ಯಾದಿ ಓದುತ್ತ ‘ಕವಿತಾ’ ಎಂದು ಕೂಗಿದನಂತೆ. ಯಾರೂ ‘ಹಾಂ’ ಎನ್ನಲಿಲ್ಲ. ಆ ಕವಿತಾ ಎಲ್ಲಿ ತಪ್ಪಿಸಿಕೊಂಡಳೋ ಎಂದು ಬಸ್ಸು ನಿಲ್ಲಿಸಿ ಎಲ್ಲರೂ ಹುಡುಕಿದರಂತೆ. ಇವಳೂ ಕೆಳಗಿಳಿದು ಹುಡುಕಿದಳಂತೆ. ಕೊನೆಗೆ ಅಕ್ಕನಿಗೆ ನೆನಪಾಯಿತಂತೆ. ಇದನ್ನು ಹೇಳುತ್ತ ಅವಳು ನಕ್ಕಳು. ನಾನೂ ನಕ್ಕೆ. ಫೋನು ಇಟ್ಟ ಮೇಲೆ, ಯಾರೂ ಇಲ್ಲದ ಮನೆಯಲ್ಲಿ, ‘ಮಾದೇವಿ’ ಎಂದು ಒಮ್ಮೆ ಅಂದು ನೋಡಿದೆ. ಚೆನ್ನಾಗಿಯೇ ಇತ್ತು.

ಅವಳು ತಿರುಗಿ ಬಂದ ದಿನ ಓಣಿಯ ಹೆಂಗಸರೆಲ್ಲ ಪ್ರಸಾದಕ್ಕೆ ಸೇರಿದರು. ಒಡಪು ಹೇಳಲೇಬೇಕೆಂದು ಹಟ ಹಿಡಿದರು. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಅವಳಿಗೆ ಅದು ಗೊತ್ತಿತ್ತೆಂದು ಕಾಣುತ್ತದೆ, ಧ್ವನಿ ಏರಿಸಿಯೇ ಹೇಳಿದಳು:

“ಪಶುಪತಿಗೆ ಏರಿಸಿ ಬಂದೆ ಬಿಲ್ವದ ಪತ್ರಿ,
ಪಾಸ್‌ಪೋರ್ಟ್ ಇದ್ದ ಈರಪ್ಪ ಮಾಸ್ತರು ಮನಿ ಕಾದದ್ದು ಖಾತ್ರಿ.”

ಎಲ್ಲರೂ ಹೋದ ಮೇಲೆ ನನ್ನನ್ನು ಜಗಲಿಯ ಹತ್ತಿರ ಕರೆದಳು. ಪಶುಪತಿಯ ಗಂಧವನ್ನು ನನ್ನ ಹಣೆಗೆ ಹಚ್ಚಿದಳು. ಆಮೇಲೆ ಅಲ್ಲೇ ಬಿದ್ದುಕೊಂಡಿದ್ದ ಪಾಸ್‌ಪೋರ್ಟನ್ನು ಬಿಡಿಸಿ, ವೀಸಾಕ್ಕೆಂದು ಬಿಟ್ಟ ಖಾಲಿ ಪುಟದ ಮೇಲೆ ಅದೇ ಹಳದಿ ಬೆರಳನ್ನು ಒತ್ತಿ, “ತಗೋರಿ, ನಿಮಗೂ ವೀಸಾದ ಸಿಕ್ಕಾ ಬಿತ್ತು” ಎಂದಳು.

ಪಾಸ್‌ಪೋರ್ಟಿನ ಮೇಲೆ ಹೀಗೆ ಏನಾದರೂ ಬಳಿದರೆ ಅದು ಕೆಟ್ಟಂತೆಯೋ, ಮುಂದೆ ಎಲ್ಲಾದರೂ ನಡೆಯುತ್ತದೆಯೋ ಇಲ್ಲವೋ, ಬಲ್ಲವರನ್ನು ವಿಚಾರಿಸಬೇಕಾದ ವಿಷಯ. ಈಗ ನನಗೆ ಕೇಳುವುದು ರೂಢಿಯಾಗಿದೆ, ಸಂಗಣ್ಣನನ್ನು ದಿನಕ್ಕೊಂದು ಕೇಳಿ ಪೀಡಿಸುತ್ತಿದ್ದೇನೆ. ಇದೊಂದನ್ನು ಮಾತ್ರ ಇನ್ನೂ ಯಾರನ್ನೂ ಕೇಳಿಲ್ಲ. ಕೇಳುವುದೂ ಇಲ್ಲ.