ಡಿಕ್ಕಿಯ ಮೌನವ್ರತ

ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಅವರು ಮಾರತ್ತಹಳ್ಳಿಯಲ್ಲಿ ವಾಸವಾಗಿರಲಿಲ್ಲ ಎಂಬುದಂತೂ ಖಂಡಿತ. ನಮ್ಮ ಕಡೆ ತುಳುಕದ ಕೊಡವನ್ನು ಯಾರೂ ಕೊಡವೆಂದೇ ಒಪ್ಪುವುದಿಲ್ಲ. ಮನೆ ಕಟ್ಟಿದರೆ ಪಕ್ಕದವನಿಗಿಂತ ಒಂದು ಮಹಡಿ ಹೆಚ್ಚಿರಬೇಕು, ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಿದರೆ ಸಿಗ್ನಲ್ ದೀಪ ಮುಚ್ಚಿಹೋಗಬೇಕು, ಕಾರು ಕೊಂಡರೆ ಅದು ಬರುವ ಮೊದಲೇ ಅದರ ಸದ್ದು ಬರಬೇಕು. ನಾನು ಓದಿದವನು, ಇದನ್ನೆಲ್ಲ ಮೀರಿದವನು ಎಂದು ಬಹಳ ಕಾಲ ನಂಬಿದ್ದೆ. ಕಾರು ಕೊಳ್ಳುವ ತನಕ ಆ ನಂಬಿಕೆಗೆ ಯಾವ ತೊಂದರೆಯೂ ಬರಲಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಬುದ್ಧಿವಂತರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಟೈರು ಒದ್ದು ನೋಡುತ್ತಾರೆ. ನಾನು ಡಿಕ್ಕಿ ತೆಗೆದು ನೋಡಿದೆ, ಮತ್ತೆ ಬೇರೇನನ್ನೂ ನೋಡಲಿಲ್ಲ. ಅಲ್ಲಿ ಅಕ್ಕಿ ಮೂಟೆಯಷ್ಟು ದಪ್ಪದ ಸಬ್‌ವೂಫರ್ ಡಬ್ಬ ಕೂತಿತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹಾಡಿನಲ್ಲಿ ಸಾಹಿತ್ಯ, ರಾಗ ಮುಂತಾದ ಬೇಡದ ವಸ್ತುಗಳನ್ನೆಲ್ಲ ಬಿಟ್ಟು ‘ದಂ ದಂ’ ಎಂಬುದನ್ನು ಮಾತ್ರ ಆರಿಸಿ ಎದೆಗೆ ಗುದ್ದುವ ಸಾಧನವದು. ಮನೆಗೆ ತಂದಾಗ ನನ್ನ ಹೆಂಡತಿ ಡಿಕ್ಕಿ ಇಣುಕಿ, “ಇದು ಇಲ್ಲಿದ್ರೆ ತರಕಾರಿ ಚೀಲ ಎಲ್ಲಿಡೋದು?” ಎಂದು ಕೇಳಿದಳು. ಕಲೆಯ ವಿಷಯದಲ್ಲಿ ನಮ್ಮಿಬ್ಬರ ಅಭಿರುಚಿ ಮೊದಲಿನಿಂದಲೂ ಬೇರೆ.

ಆ ವಾರವೇ ನಮ್ಮ ಬೀದಿಯ ರಾಜ್ಯೋತ್ಸವದ ಸಮಿತಿ ಸಭೆ ಇತ್ತು. ಪ್ರತಿವರ್ಷ ಮೆರವಣಿಗೆಯ ಮುಂದೆ ಹೋಗುವುದು ನನ್ನ ಚಿಕ್ಕಪ್ಪನ ಮಗ ಮುನಿರಾಜನ ಟೆಂಪೊ. ಅದರಲ್ಲಿ ಬಾಡಿಗೆ ಸ್ಪೀಕರುಗಳು, ಕೊನೆಯಲ್ಲಿ ಅವನಿಗೆ ಮೈಸೂರು ಪೇಟ. ಒಂದೇ ಅಜ್ಜನ ಹೊಲ ಹಂಚಿಕೊಂಡು, ಅದರ ಮೇಲೆ ಪಿಜಿ ಹಾಸ್ಟೆಲ್ ಕಟ್ಟಿ ಬಾಡಿಗೆ ತಿನ್ನುವ ದಾಯಾದಿಗಳು ನಾವು. ಅವನ ತಲೆಯ ಮೇಲೆ ಪೇಟ ಕಂಡಾಗ ನನ್ನ ತಲೆಗೆ ಚಳಿಯಾಗುವುದು ಸಹಜ. ಎದ್ದು ನಿಂತು, “ಬಾಡಿಗೆ ಸ್ಪೀಕರ್ ಯಾಕ್ರೀ? ನನ್ನ ಡಿಕ್ಕಿ ಒಂದು ಸಾಕು!” ಎಂದೆ. ಸಮಿತಿ ಚಪ್ಪಾಳೆ ತಟ್ಟಿತು. ಮುನಿರಾಜ ಮಾತ್ರ ಮೀಸೆಯಡಿ ನಕ್ಕು, “ಆಯ್ತು ಬಿಡು ಮಗಾ, ನೋಡೇಬಿಡಾಣ” ಎಂದ. ದಾಯಾದಿ ಹೀಗೆ ಮೆತ್ತಗೆ ಮಾತಾಡಿದರೆ ಹುಷಾರಾಗಿರಬೇಕು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮಮ್ಮನ ಆಯುಧ ಪೂಜೆಯಿಂದ ಯಾವ ವಸ್ತುವೂ ತಪ್ಪಿಸಿಕೊಳ್ಳಲಾರದು. ಮಿಕ್ಸಿ, ಟಿವಿ, ಬೋರ್‌ವೆಲ್ಲಿನ ಸ್ವಿಚ್ಚು, ಕೊನೆಗೆ ನನ್ನ ಆಫೀಸಿನ ಲ್ಯಾಪ್‌ಟಾಪಿಗೂ ವಿಭೂತಿ, ಕುಂಕುಮ. ಕಾರಿನ ಚಕ್ರಗಳನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಒಳಗೆ ಕೂತಾಗ ಗೇರಿನ ಮುಂದೆ ಒಂದು ಪುಟ್ಟ ಈಶ್ವರ ಕಾಣಿಸಿತು. ಚಿಕ್ಕ ಪೀಠ, ಅದರ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಕರೀ ಲಿಂಗ, ಮೂರು ಗೆರೆ ವಿಭೂತಿ, ನೆತ್ತಿಯ ಮೇಲೆ ಸೇವಂತಿಗೆ. ಅಮ್ಮ ಎಲ್ಲಿಂದಲೋ ತಂದು ಅಂಟಿಸಿದ್ದಾಳೆ ಎಂದುಕೊಂಡೆ. ದೇವರ ಬಗ್ಗೆ ಅಮ್ಮನನ್ನು ಒಂದು ಪ್ರಶ್ನೆ ಕೇಳಿದರೆ ಉತ್ತರ ಮುಗಿಯುವಷ್ಟರಲ್ಲಿ ಆಫೀಸಿಗೆ ಅರ್ಧ ದಿನ ರಜೆ ಹಾಕಬೇಕಾಗುತ್ತದೆ, ಆದ್ದರಿಂದ ಕೇಳಲಿಲ್ಲ. ಮರುದಿನದಿಂದ ಕಾರು ಹತ್ತಿದ ಕೂಡಲೇ ಆ ಲಿಂಗವನ್ನು ಮೆಲ್ಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದೆ. ನನಗೆ ಭಕ್ತಿ ಅಷ್ಟಕ್ಕಷ್ಟೆ. ಆದರೆ ದಿನಾ ಬೆಳಗ್ಗೆ ಹೊರ ವರ್ತುಲ ರಸ್ತೆಯಲ್ಲಿ ಬೆಳ್ಳಂದೂರು ದಾಟಿ ಎಲೆಕ್ಟ್ರಾನಿಕ್ ಸಿಟಿ ಸೇರಬೇಕಾದವನು ಪೂರ್ತಿ ನಾಸ್ತಿಕನಾಗಿ ಬಹಳ ದಿನ ಉಳಿಯಲಾರ.

ಹಬ್ಬ ಮುಗಿಸಿ ಮೊದಲ ಸಲ ಹಾಡು ಹಾಕಿದೆ. ಹಾಡು ಬಂತು, ದಂ ಬರಲಿಲ್ಲ. ಮುಂದಿನ ಸ್ಪೀಕರುಗಳು ಕೀಚು ದನಿಯಲ್ಲಿ ಹಾಡುತ್ತಿವೆ, ಡಿಕ್ಕಿ ಮಾತ್ರ ಮೌನವ್ರತ ಹಿಡಿದು ಕೂತಿದೆ. ನನಗೇನೂ ಭಯವಾಗಲಿಲ್ಲ. ಕೆಟ್ಟದ್ದನ್ನು ಕಂಡುಹಿಡಿಯುವುದೇ ನನ್ನ ಕಸುಬು ತಾನೆ? ಕಂಪ್ಯೂಟರ್ ಕೆಟ್ಟಿತೆಂದು ಹೊರದೇಶದಿಂದ ಫೋನ್ ಮಾಡುವವರಿಗೆ ಪರಿಹಾರ ಹೇಳುವ ತಂಡಕ್ಕೆ ನಾನೇ ಲೀಡ್. ಪ್ಲಗ್ ಹಾಕಿದ್ದೀರಾ, ಸ್ವಿಚ್ ಒತ್ತಿದ್ದೀರಾ, ಸದ್ದಿನ ಗುಂಡಿ ಸೊನ್ನೆಯಲ್ಲಿದೆಯೇ ನೋಡಿ ಎಂದು ಕೇಳಿ ಕೇಳಿ ನಾಲಿಗೆ ಸವೆದಿದೆ. ಗುಂಡಿ ಸೊನ್ನೆಯಲ್ಲಿಟ್ಟುಕೊಂಡು ಕಂಪನಿಯನ್ನೇ ಬೈಯುವ ಮಹಾನುಭಾವರನ್ನು ನೆನೆದು ಟೀ ಹೊತ್ತಿನಲ್ಲಿ ನಾವು ನಕ್ಕಿದ್ದು ಎಷ್ಟೋ.

ಫ್ಯೂಸ್ ತೆಗೆದು ನೋಡಿದೆ, ಸರಿಯಾಗಿತ್ತು. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಆಂಪ್ಲಿಫೈಯರಿನ ಹಸಿರು ದೀಪ ನನ್ನನ್ನೇ ಅಣಕಿಸುತ್ತ ಉರಿಯುತ್ತಿತ್ತು. ದಿನಾ ನನ್ನ ಕಾರಿನಲ್ಲೇ ಆಫೀಸಿಗೆ ಬರುವ ಸಹೋದ್ಯೋಗಿ ಶ್ರೀಧರ ಕೇಸನ್ನು ಕೈಗೆತ್ತಿಕೊಂಡ. “ರೂಟ್ ಕಾಸ್ ಹಿಡೀಬೇಕು ಗುರು. ಹಬ್ಬಕ್ಕೆ ಮುಂಚೆ ವರ್ಕ್ ಆಗ್ತಿತ್ತು, ಆಮೇಲೆ ಆಗ್ತಿಲ್ಲ. ಮಧ್ಯೆ ಏನ್ ಚೇಂಜ್ ಮಾಡ್ದೆ?” ಎಂದ.

“ನಿಂಬೆಹಣ್ಣು ಹತ್ತಿಸ್ದೆ.”

ಅವನು ಗಂಭೀರವಾಗಿ ಯೋಚಿಸಿ, “ನಾಲ್ಕು ಚಕ್ರಕ್ಕೂನಾ?” ಎಂದು ಕೇಳಿದ. ಆಮೇಲೆ ಗೇರಿನ ಮುಂದಿನ ಈಶ್ವರನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನಿದ್ದೆ ಹೋದ. ಅವನಿಗೆ ಕಂಪನಿ ನನಗಿಂತ ಹೆಚ್ಚು ಸಂಬಳ ಕೊಡುತ್ತದೆ.

ಕಾರಿನ ಅಲಂಕಾರದ ಅಂಗಡಿಯವನೂ ಡಿಕ್ಕಿಯಲ್ಲೇ ಅರ್ಧ ದಿನ ಕಳೆದ. ಡಬ್ಬವನ್ನು ಬೇರೆ ಕಾರಿಗೆ ಜೋಡಿಸಿದರೆ ಭೂಮಿ ನಡುಗುವಂತೆ ಗುಡುಗಿತು, ನನ್ನ ಕಾರಿಗೆ ತಂದರೆ ಮೂಕ. “ಕಾರಲ್ಲೇ ಏನೋ ಇದೆ ಸಾರ್. ಬಿಟ್ಟೋಗಿ, ಎಲ್ಲಾ ಬಿಚ್ಚಿ ನೋಡಾಣ” ಎಂದ. ಬಿಚ್ಚಿದ ಕಾರು ರಾಜ್ಯೋತ್ಸವದೊಳಗೆ ಮತ್ತೆ ಕಾರಾಗುವ ಭರವಸೆ ಅವನ ಮುಖದಲ್ಲಿ ಕಾಣದೆ ವಾಪಸು ತಂದೆ. ನಿಜ ಹೇಳುತ್ತೇನೆ, ನನಗೆ ಊಟ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮುನಿರಾಜನ ಪೇಟ ಕಾಣುತ್ತಿತ್ತು.

ಅಮ್ಮನಿಗೆ ನನ್ನ ಅವಸ್ಥೆ ನೋಡಿ ಮರುಕ. “ಅಲ್ಲ ಕಣ್ಲಾ, ಎದುರ್ಗೇ ಈಸ್ವರ ಕುಂತವ್ನೆ. ಅವನ ಮ್ಯಾಲೆ ಕೈಯಿಟ್ಟು ಬೇಡ್ಕೊಳಾದ್ ಬಿಟ್ಟು ಡಿಕ್ಕಿ ಒಳಗೆ ಅದೇನ್ ತಲೆ ತೂರ್ಸ್ಕೊಂಡು ಕುಂತಿದೀಯ?”

“ಅಮ್ಮಾ, ಇದು ಎಲೆಕ್ಟ್ರಾನಿಕ್ಸು. ಇದರಲ್ಲಿ ಈಶ್ವರನದ್ದೇನೂ ನಡೆಯಲ್ಲ” ಎಂದು ನಾನು ತಿಳಿದವನ ನಗು ನಕ್ಕೆ.

ರಾಜ್ಯೋತ್ಸವದ ಬೆಳಗು. ಕಾರಿಗೆ ಹಳದಿ ಕೆಂಪು ಬಾವುಟ ಕಟ್ಟಿ ಬೀದಿಯ ತಲೆಗೆ ತಂದು ನಿಲ್ಲಿಸಿದ್ದರು. ಡಿಕ್ಕಿ ಬಾಯ್ತೆರೆದಿತ್ತು. ಹಾಡು ಹಾಕಿದೆ, ಸದ್ದನ್ನು ಪೂರ್ತಿ ಏರಿಸಿದೆ. ಹಿಂದೆ ನಿಂತಿದ್ದ ಜನಕ್ಕೆ ಸೊಳ್ಳೆ ಹಾಡಿದಷ್ಟು ಕೇಳಿಸಿರಬಹುದು. ಮೂಲೆಯಲ್ಲಿ ಮುನಿರಾಜನ ಟೆಂಪೊ ಸ್ಪೀಕರು ಹೊತ್ತು ‘ಸುಮ್ಮನೆ’ ನಿಂತಿತ್ತು. ಅವನು ಕಿಟಕಿಗೆ ಬಗ್ಗಿ, “ಏನ್ ಮಗಾ, ಡಿಕ್ಕಿಗೆ ಗಂಟಲು ಕಟ್ಟೈತಾ? ಬಿಸಿನೀರು ಕೊಡ್ಸ್ಲಾ?” ಎಂದ. ನನಗೆ ಅಳು ಬರುವುದೊಂದು ಬಾಕಿ.

ಆಗ ಆ ಕಡೆ ಬಾಗಿಲು ತೆಗೆದು ಅಮ್ಮ ಬಂದಳು. ಕೈಯಲ್ಲಿ ಚೊಂಬು, ಒದ್ದೆ ಬಟ್ಟೆ, ಹೊಸ ವಿಭೂತಿ. “ಹಬ್ಬದಿಂದ ಒಂದಿನ ತೊಳ್ದಿಲ್ಲ, ಅದ್ಕೇ ಮುನ್ಸ್ಕೊಂಡವ್ನೆ” ಎಂದವಳೇ ಈಶ್ವರನ ನೆತ್ತಿಯನ್ನು ಒದ್ದೆ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದು, ಹಿತ್ತಾಳೆ ಪಾತ್ರೆ ತಿಕ್ಕುವಂತೆ ಬಲಕ್ಕೆ ತಿರುವಿ ಒರೆಸಿದಳು.

ದಂ!

ಕನ್ನಡಿ ನಡುಗಿತು. ಪಿಜಿಯ ಕಿಟಕಿಗಳು ಗಡಗಡ ಎಂದವು. ಮುನಿರಾಜ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಜನ ‘ಹೋ’ ಎಂದು ಕೂಗಿತು. ನಾನು ಬಗ್ಗಿ ನೋಡಿದೆ. ವಿಭೂತಿ ಹೋದ ಜಾಗದಲ್ಲಿ ಈಶ್ವರನ ನೆತ್ತಿಯ ಮೇಲೊಂದು ಬಿಳಿ ಗೆರೆ, ಪೀಠದ ಎಡಬಲಗಳಲ್ಲಿ ‘ಕಡಿಮೆ’, ‘ಹೆಚ್ಚು’ ಎಂದು ಇಂಗ್ಲಿಷಿನ ಪುಟ್ಟ ಅಕ್ಷರಗಳು, ಹಿಂದೆ ಮ್ಯಾಟಿನ ಕೆಳಗೆ ನುಸುಳಿದ ಸಣ್ಣ ವೈರು. ಅದು ಡಿಕ್ಕಿಯ ಸದ್ದು ಏರಿಸಿ ಇಳಿಸುವ ಗುಂಡಿ! ಕಾರು ಮಾರಿದವನು ಹಾಕಿಸಿದ್ದದ್ದು. ಅಮ್ಮ ಇಟ್ಟಳೆಂದು ನಾನು, ಮಗನಿಗೆ ಕೊನೆಗೂ ಬುದ್ಧಿ ಬಂದು ಈಶ್ವರನನ್ನು ಇಟ್ಟನೆಂದು ಅಮ್ಮ. ಹಬ್ಬದ ದಿನ ವಿಭೂತಿ ಒತ್ತುವಾಗ ಅದನ್ನು ಸೊನ್ನೆಗೆ ತಿರುಗಿಸಿದ್ದು ಅವಳು. ಆಮೇಲೆ ದಿನಾ ಬೆಳಗ್ಗೆ, ಎಲ್ಲಿ ಅಲುಗುವುದೋ ಎಂದು ಮೆಲ್ಲಗೆ ಮುಟ್ಟಿ ನಮಸ್ಕರಿಸಿದವನು, ತಂಡದ ಲೀಡ್ ಆದ ನಾನು.

ನಿಜ ನಾಲಿಗೆಯ ತುದಿಗೆ ಬಂತು. ಆದರೆ ಅಷ್ಟರಲ್ಲಿ ಮುನಿರಾಜ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ. “ಪವರ್ ಐತೆ ದೊಡ್ಡಮ್ಮಾ, ಸಕ್ಕತ್ ಪವರ್ ಐತೆ!” ಎಂದ. ದಾಯಾದಿಯೇ ಕೈಮುಗಿದ ಮೇಲೆ ಅದು ಗುಂಡಿ ಎಂದು ಸಾರುವಷ್ಟು ದೊಡ್ಡ ವಿಚಾರವಾದಿ ನಾನಲ್ಲ. ನಾನೂ ಕೈಮುಗಿದೆ. ಸಂಜೆ ಪೇಟ ನನ್ನ ತಲೆಗೇ ಬಂತು. ಸ್ವಲ್ಪ ಬಿಗಿಯಾಗಿತ್ತು.

ಈಗ ನಮ್ಮ ಬೀದಿಯಲ್ಲಿ ಆ ಈಶ್ವರ ಬಹಳ ಸತ್ಯವುಳ್ಳವನು. ಸಂಬಳ ಏರಿಸುವ ಕಾಲ ಬಂದರೆ ಶ್ರೀಧರ ಹೂವು ತರುತ್ತಾನೆ. ಸ್ನಾನವಿಲ್ಲದೆ ಯಾರೂ ಅವನನ್ನು ಮುಟ್ಟಕೂಡದು, ಕೂತ ಭಂಗಿಯಿಂದ ಅಲುಗಿಸಲಂತೂ ಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಕೂತಿರುವುದು ‘ಹೆಚ್ಚು’ ಎಂಬಲ್ಲಿ. ಅದರಿಂದ ಟ್ರಾಫಿಕ್ಕಿನಲ್ಲಿ ಸುದ್ದಿ ಹಾಕಿದರೂ ಓದುವವರ ಪ್ರತಿ ಮಾತಿಗೂ ನನ್ನ ಬೆನ್ನಿಗೊಂದು ಗುದ್ದು ಬೀಳುತ್ತದೆ. ಮೊನ್ನೆ ತಲೆನೋವು ತಡೆಯಲಾರದೆ, ಇವತ್ತು ಕದ್ದಾದರೂ ಇಳಿಸಿಬಿಡೋಣ ಎಂದು ಬೆಳಗ್ಗೆ ಬೇಗ ಎದ್ದು ತಣ್ಣೀರು ಹುಯ್ದುಕೊಂಡು, ಒದ್ದೆ ತಲೆಯಲ್ಲೇ ಕಾರಿನೊಳಗೆ ಕೂತು ಈಶ್ವರನ ನೆತ್ತಿಗೆ ಕೈ ಹಾಕಿದೆ. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಅಮ್ಮ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, “ಈಗ್ಲಾದ್ರೂ ಭಕ್ತಿ ಬಂತಲ್ಲಪ್ಪಾ ನಿಂಗೆ” ಎಂದಳು. ಕೈಯನ್ನು ತಿರುಗಿಸದೆ ಹಾಗೇ ಎತ್ತಿ ಕಣ್ಣಿಗೊತ್ತಿಕೊಂಡೆ.